ಇಲ್ಲಿ ಏನೂ ಇರಲಿಲ್ಲ

ಹುಲ್ಲಿಗೆ ಬಣ್ಣ ಹೊಡೆಸುವುದರಲ್ಲಿ ಅಂಥ ತಪ್ಪೇನಿದೆ ಎಂದು ಅವಳು ಬೆಳಗಿನಿಂದ ವಾದಿಸುತ್ತಿದ್ದಳು, ಎದುರುವಾದ ಮಾಡುವವರು ಮಾತ್ರ ಯಾರೂ ಇರಲಿಲ್ಲ. ಗೋಡೆಗೆ ಹೊಡೆಸುವುದಿಲ್ಲವೇ? ತಲೆಗೂದಲಿಗೆ ಹಚ್ಚಿಕೊಳ್ಳುವುದಿಲ್ಲವೇ? ಅವಳೇ ಹಚ್ಚಿಕೊಳ್ಳುತ್ತಾಳೆ, ಬಚ್ಚಲುಮನೆಯ ಚಿಲಕ ಹಾಕಿಕೊಂಡು; ಇಡೀ ಮನೆಗೆ ಗೊತ್ತಿರುವ ಗುಟ್ಟು ಅದು. ಬೆನ್ನಿಗೆ ಪಂಪು ಕಟ್ಟಿಕೊಂಡ ಕೆಲಸದವನು ಒಣಗಿ ಕಂದಿದ ಹುಲ್ಲುಹಾಸಿನ ಮೇಲೆ ಹಸಿರು ಸಿಂಪಡಿಸುತ್ತ ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಯುತ್ತಿದ್ದ. ವರ್ಷವಿಡೀ ಔಷಧಿಯನ್ನೋ ಗೊಬ್ಬರವನ್ನೋ ಹೊತ್ತುಕೊಂಡೇ ಓಡಾಡುವ ಅವನಿಗೆ ಪಂಪು ಎಂದೇ ಹೆಸರು ಬಿದ್ದುಹೋಗಿತ್ತು. ಅವಳಿಗೂ ಕಚೇರಿಯಲ್ಲಿ ಒಂದು ಹೆಸರಿತ್ತು, ಎದುರಿಗೆ ಯಾರೂ ಕರೆಯದ ಹೆಸರು: ಪ್ರಭಾರ. ನಗರಸಭೆಯ ಉದ್ಯಾನ ವಿಭಾಗದ ಹಿಂದಿನ ಮುಖ್ಯಸ್ಥರು ನಿವೃತ್ತರಾದಾಗ ಅವರ ಕೆಲಸವನ್ನೆಲ್ಲ ಇವಳ ತಲೆಗೆ ಕಟ್ಟಿ, ಹುದ್ದೆಯ ಹಿಂದೆ ಈ ಮಾತನ್ನು ಅಂಟಿಸಿದ್ದರು. ದುಡಿಮೆ ನಿನ್ನದು, ಜಾಗ ನಿನ್ನದಲ್ಲ ಎನ್ನುವುದನ್ನು ಸಭ್ಯವಾಗಿ ಹೇಳುವ ಮಾತು. ಎಷ್ಟೋ ಆಯುಕ್ತರು ಬಂದು ಹೋದರು, ಪ್ರಭಾರ ಮಾತ್ರ ಹೋಗಲಿಲ್ಲ. ಸಂಜೆ ಸಚಿವರು ಬಂದು ಈ ಹೊಸ ಉದ್ಯಾನವನ್ನು ಉದ್ಘಾಟಿಸುವವರಿದ್ದರು. ಇದಕ್ಕೆಂದು ಬರುತ್ತಿದ್ದ ನೀರು ಕಳೆದ ತಿಂಗಳೇ ಗುಡ್ಡದ ಮೇಲಿನ ಹೊಸ ಬಡಾವಣೆಯ ಕಡೆಗೆ ತಿರುಗಿತ್ತು, ಹುಲ್ಲು ಸತ್ತಿತ್ತು, ಬಣ್ಣದ ಡಬ್ಬಗಳು ಬಂದಿದ್ದವು. ಇದರಲ್ಲಿ ಅವಳ ಕೈವಾಡವೇನೂ ಇರಲಿಲ್ಲ.

ಆದರೆ ಅವಳನ್ನು ಕೊರೆಯುತ್ತಿದ್ದುದು ಹುಲ್ಲಲ್ಲ, ಅದು ಅವಳಿಗೂ ಗೊತ್ತಿತ್ತು. ಹೋದ ವಾರ ಆಯುಕ್ತರು ಕೋಣೆಗೆ ಕರೆಸಿ, ಕೂರಿ ಮೇಡಂ, ಎಂದು ಬಹಳ ಮರ್ಯಾದೆಯಿಂದ ಹೇಳಿದ್ದರು. ಅವಳ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು, ಅಷ್ಟೆ. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಅವಳಿಗೆ ಎಷ್ಟು ಸುಲಭವಾಗುತ್ತಿತ್ತು! ಕೆಟ್ಟವರ ಮುಂದೆ ಬಾಯಿಬಿಡುವುದು ಅವಳಿಗೆ ನೀರು ಕುಡಿದಷ್ಟು ಸಲೀಸು, ಒಳ್ಳೆಯ ಮಾತಿನಲ್ಲಿ ಕೇಳುವವರ ಮುಂದೆಯೇ ಅವಳ ನಾಲಿಗೆ ಸೋಲುವುದು. ನಿಮ್ಮ ಅತ್ತೆ ಈ ಜಾಗದ ಅತ್ಯಂತ ಹಿರಿಯರಂತೆ, ವೇದಿಕೆಯ ಮೇಲೆ ಅವರಿಂದ ಒಂದು ಮಾತು ಹೇಳಿಸಬೇಕು, ಎಂದಿದ್ದರು. ಏನು ಹೇಳಬೇಕು ಸರ್ ಎಂದರೆ, ಸುಮ್ಮನೆ ಒಂದು ಸಾಲು, ಮೊದಲು ಇಲ್ಲಿ ಏನೂ ಇರಲಿಲ್ಲ, ಬರೀ ಬಯಲು, ಈಗ ಎಲ್ಲ ಇದೆ, ಇಷ್ಟೇ, ಎಂದಿದ್ದರು. ಅವಳು ತೊದಲಿದ್ದಳು: ಇಲ್ಲಿ ಒಂದು ಕೇರಿ ಇತ್ತು ಸರ್. ಅವರು ನಕ್ಕು, ಪೆನ್ನಿನ ಮುಚ್ಚಳವನ್ನು ಹಾಕಿ ತೆಗೆದು ಮಾಡುತ್ತ, "ಇತ್ತು ಅಂತ ಒಬ್ರು ಹೇಳಿದ್ರೆ, ಎಲ್ಲಿಗೆ ಹೋಯ್ತು ಅಂತ ಇನ್ನೊಬ್ರು ಕೇಳ್ತಾರೆ ಮೇಡಂ. ಜನಕ್ಕೆ ಇತಿಹಾಸ ಅಂದ್ರೆ ಒಂದು ಸಾಲು ಸಾಕು. ಅಂದ ಹಾಗೆ, ನಿಮ್ಮ ಪ್ರಭಾರದ ವಿಷಯ ನನ್ನ ಮೇಜಿನ ಮೇಲಿದೆ, ಈ ಕಾರ್ಯಕ್ರಮ ಚೆನ್ನಾಗಿ ಆಗಿಬಿಡಲಿ" ಎಂದರು. ಎರಡು ಮಾತನ್ನೂ ಒಂದೇ ಉಸಿರಿನಲ್ಲಿ, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲವೆಂಬಂತೆ. ಅವಳು ಆಗಲಿ ಸರ್ ಎಂದಳು. ಕೋಣೆಯಿಂದ ಹೊರಬಂದ ಮೇಲೆ ತಾನು ಎಷ್ಟು ಬೇಗ ಆಗಲಿ ಎಂದೆ ಎಂಬುದನ್ನು ನೆನೆದು ಕಿವಿ ಬಿಸಿಯಾಯಿತು.

ಇವತ್ತು ಬೆಳಗ್ಗೆ ಅಡಿಗೆಮನೆಯಲ್ಲಿ ಆ ಸಾಲನ್ನು ಕೊನೆಯ ಸಲ ಹೇಳಿಸಿದ್ದಳು. ಅತ್ತೆ ಕಿಟಕಿಯ ಪಕ್ಕದ ಮಣೆಯ ಮೇಲೆ ಕೂತು, ಒಂದು ಲೋಟ ನೀರನ್ನು ಎರಡು ಲೋಟಕ್ಕೆ ಹಂಚಿಕೊಂಡು ಗುಟುಕು ಗುಟುಕಾಗಿ ಕುಡಿಯುತ್ತಿದ್ದರು. ನಲ್ಲಿ ಬಂದು ಇಷ್ಟು ವರ್ಷವಾದರೂ ಲೋಟದ ತುಂಬ ನೀರು ತೆಗೆದುಕೊಂಡು ಕುಡಿಯುವುದು ಅವರ ಕೈಗೆ ಒಗ್ಗಿಲ್ಲ.

"ಇನ್ನೊಂದು ಸಲ ಹೇಳಿ ಅತ್ತೆ."

"ಇಲ್ಲಿ ಏನೂ ಇರಲಿಲ್ಲ. ಬರೀ ಬಯಲು. ಈಗ ಎಲ್ಲಾ ಇದೆ. ಸಾಕೇನೇ, ಕೈಕಟ್ಕೊಂಡು ನಿಂತ್ಕೊಂಡು ಹೇಳಬೇಕಾ?"

"ತಮಾಷೆ ಮಾಡಬೇಡಿ."

"ಅಲ್ಲ ಕಣೇ, ಏನೂ ಇರಲಿಲ್ಲ ಅಂದ್ರೆ ನಾನೆಲ್ಲಿದ್ದೆ ಅಂತ ಯಾರಾದ್ರೂ ಕೇಳಿದ್ರೆ?"

"ಯಾರೂ ಕೇಳಲ್ಲ."

"ಕೇಳದೇ ಇರೋರಿಗೆ ಯಾಕೆ ಹೇಳಬೇಕು?"

ಗಂಡ ಹೊರಕೋಣೆಯಲ್ಲಿ ಟೀವಿಯ ದನಿ ಏರಿಸಿದ. ಮನೆಯ ಇಬ್ಬರು ಹೆಂಗಸರು ರಾಜಕೀಯಕ್ಕೆ ಇಳಿದರೆಂದರೆ ಅವನಿಗೆ ಗೊತ್ತಿರುವ ಒಂದೇ ಪರಿಹಾರ ಅದು. ಅವಳು ಒಲೆಯ ಕಡೆಗೆ ತಿರುಗಿ, ಅತ್ತೆಯ ಮುಖ ನೋಡದೆ, ಇಷ್ಟು ಹೇಳಿದರೆ ನನ್ನ ಕೆಲಸ ಗಟ್ಟಿಯಾಗುತ್ತದೆ ಎಂದಳು. ಹೇಳಬಾರದೆಂದುಕೊಂಡಿದ್ದ ಮಾತು. ಹಿಂದೆ ಲೋಟ ಕೆಳಗಿಟ್ಟ ಸದ್ದಾಯಿತು. "ಅಯ್ಯೋ, ಅದನ್ನ ಮೊದಲೇ ಹೇಳೋದಲ್ವಾ? ಹೇಳ್ತೀನಿ ಬಿಡು. ನಾಲ್ಕು ಮಾತಿಗೆ ನನ್ನ ಗಂಟೇನು ಹೋಗುತ್ತೆ?" ಎಂದರು ಅತ್ತೆ. ಜಗಳಕ್ಕೆ ಸಿದ್ಧಳಾಗಿ ನಿಂತಿದ್ದ ಅವಳಿಗೆ, ಇಷ್ಟು ಸುಲಭವಾಗಿ ಸೋತುಕೊಟ್ಟ ಅತ್ತೆಯ ಮೇಲೆ ಸಿಟ್ಟು ಬಂತು.

"ಮೇಡಂ, ಒಂದು ಎಡವಟ್ಟಾಯ್ತು" ಎಂದ ಪಂಪು. ಉದ್ಯಾನದ ತೆಂಕು ಮೂಲೆಯಲ್ಲಿ ನಿಂತು ತಲೆ ಕೆರೆಯುತ್ತಿದ್ದ. ಹತ್ತಿರ ಹೋಗಿ ನೋಡಿದರೆ, ಹುಲ್ಲುಹಾಸಿನ ಅಂಚಿಗೆ ಸಾಲಾಗಿ ಹೂತಿದ್ದ ಕಲ್ಲುಗಳಿಗೂ ಹಸಿರು ಹೊಡೆದುಬಿಟ್ಟಿದ್ದಾನೆ. "ಸಾಲಲ್ಲಿ ಬಂತು, ಕೈ ನಿಲ್ಲಲಿಲ್ಲ. ಒರೆಸಿಬಿಡಲಾ?" ಅವಳು ಬಗ್ಗಿದಳು. ಗುತ್ತಿಗೆದಾರನು ಎಲ್ಲಿಂದಲೋ ಎತ್ತಿ ತಂದು ಹೂತ ಕಲ್ಲುಗಳೆಂದು ಇಷ್ಟು ದಿನ ದೂರದಿಂದಲೇ ನೋಡಿ ಅಂದುಕೊಂಡಿದ್ದಳು. ಎಲ್ಲಿಂದಲೋ ಅಲ್ಲ. ಒಂದು ಕಲ್ಲಿನ ಅಂಚಿನಲ್ಲಿ ಬೆರಳು ಕೂರುವಷ್ಟು ಆಳದ ಗೀರುಗಳಿದ್ದವು, ಒಂದರ ಪಕ್ಕ ಒಂದು, ಬಾಚಣಿಗೆಯ ಹಲ್ಲುಗಳ ಹಾಗೆ. ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೀರುಗಳು. ಕೇರಿಯ ಬಾವಿಯ ಬಾಯಿಯ ಕಲ್ಲು. ಗೀರುಗಳಲ್ಲಿ ಹಸಿರು ಬಣ್ಣ ನಿಂತು ಮಡುಗಟ್ಟಿತ್ತು. ಅವಳು ಹೆಬ್ಬೆರಳಿನಿಂದ ಒಂದನ್ನು ಒರೆಸಿದಳು, ಇನ್ನೊಂದನ್ನು ಒರೆಸಿದಳು. ಬಣ್ಣ ಕಲ್ಲಿನಿಂದ ಬಿಡುವ ಬದಲು ಅವಳ ಕೈಗೆ ಹತ್ತಿತು. "ಸೀಮೆಎಣ್ಣೆ ತರ್ತೀನಿ ತಾಳಿ" ಎಂದು ಪಂಪು ಓಡಿದ. ಅವಳು ಅಲ್ಲೇ ಕುಕ್ಕರಗಾಲಿನಲ್ಲಿ ಕೂತುಬಿಟ್ಟಳು.

ಆ ಬಾವಿಯನ್ನು ಅವಳು ಯಾವತ್ತೂ ಪ್ರೀತಿಸಿದವಳಲ್ಲ. ಮದುವೆಯಾಗಿ ಬಂದ ಮರುದಿನವೇ ಕೈಗೆ ಕೊಡ ಕೊಟ್ಟಿದ್ದರು. ಅವಳ ತವರಿನಲ್ಲಿ ಅಂಗಳದಲ್ಲೇ ನೀರು. ಇಲ್ಲಿ ಹಗ್ಗ ಬಿಟ್ಟರೆ ಬಿಡುತ್ತಲೇ ಇರಬೇಕು, ತಳದಿಂದ ಸದ್ದು ಬರುವಷ್ಟರಲ್ಲಿ ಕೈ ಸೋತಿರುತ್ತಿತ್ತು. ಮೊದಲ ದಿನ ಹಗ್ಗ ಅಂಗೈಯಲ್ಲಿ ಜಾರಿ ಚರ್ಮ ಕಿತ್ತುಬಂದು, ಕೊಡದ ಸಮೇತ ಕೆಸರಿನಲ್ಲಿ ಬಿದ್ದಿದ್ದಳು. ಹೆಂಗಸರೆಲ್ಲ ನಕ್ಕರು, ಎಲ್ಲರಿಗಿಂತ ಜೋರಾಗಿ ನಕ್ಕವರು ಅತ್ತೆ. ಆ ನಗೆಯನ್ನು ಅವಳು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದಾಳೆ, ಬೇಕಾದಾಗ ತೆಗೆದು ನೋಡುತ್ತಾಳೆ. ಕೇರಿ ಖಾಲಿ ಮಾಡಿಸುವವರೆಗೆ, ಮೂರು ವರ್ಷ ಸೇದಿದಳು. ಹೊಟ್ಟೆಯಲ್ಲಿ ಮಗುವಿದ್ದಾಗಲೂ ಸೇದಿದಳು. ಹಾಗಾಗಿ, ಹಳೆಯ ದಿನಗಳೇ ಚೆನ್ನಾಗಿದ್ದವು ಎಂದು ಯಾರಾದರೂ ನಿಟ್ಟುಸಿರು ಬಿಟ್ಟರೆ ಅವಳಿಗೆ ಮೈಯೆಲ್ಲ ಉರಿಯುತ್ತದೆ. ಹಾಗೆನ್ನುವವರಿಗೆ, ಅಂಗೈ ತೋರಿಸಿ ನೋಡೋಣ, ಎನ್ನುತ್ತಾಳೆ. ನಲ್ಲಿ ತಿರುಗಿಸಿದರೆ ನೀರು ಬರುವುದಕ್ಕಿಂತ ದೊಡ್ಡ ರಾಜಕೀಯ ಜಗತ್ತಿನಲ್ಲಿ ಇನ್ನೊಂದಿಲ್ಲ, ಊರು ಬೆಳೆಯಬೇಕು, ರಸ್ತೆ ಬರಬೇಕು, ಆಸ್ಪತ್ರೆ ಬರಬೇಕು, ಮುಳ್ಳುಕಂಟಿಯನ್ನು ಕಂಡು ಕಣ್ಣೀರಿಡುವವರು ಮುಳ್ಳುಕಂಟಿಯಲ್ಲೇ ಮನೆ ಮಾಡಿಕೊಂಡಿರಲಿ. ಇದು ಅವಳ ಅಭಿಪ್ರಾಯ, ಇವತ್ತಿಗೂ ಒಂದಿಂಚು ಬದಲಾಗಿಲ್ಲ.

ಅತ್ತೆಯ ಅಭಿಪ್ರಾಯ ಬೇರೆ. ಕೇರಿಯ ಬಾವಿಗೊಂದು ಕಟ್ಟಳೆ ಇತ್ತು: ನಿನ್ನೆ ಕೊನೆಗೆ ಸೇದಿದವಳು ಇವತ್ತು ಮೊದಲು ಸೇದಬೇಕು. ಯಾರ ಮನೆಯವಳು, ಯಾರ ಹೆಂಡತಿ ಎಂಬುದೆಲ್ಲ ಅಲ್ಲಿ ನಡೆಯುತ್ತಿರಲಿಲ್ಲ. ಬೇಸಗೆಯಲ್ಲಿ ಕೊನೆಯವಳಿಗೆ ಬರೀ ಬಗ್ಗಡ ಸಿಗುತ್ತಿತ್ತು. ಮರುದಿನ ತಿಳಿನೀರು ಅವಳದು. ಕೆಸರಿನಲ್ಲಿ ಬಿದ್ದ ಹೊಸ ಸೊಸೆಯೂ ಮರುದಿನ ಎಲ್ಲರಿಗಿಂತ ಮುಂದೆ ನಿಂತಿದ್ದಳು, ನಿನ್ನೆ ನಕ್ಕವರೆಲ್ಲ ಅವಳ ಹಿಂದೆ. ಅದೇ ಸರ್ಕಾರ ಎನ್ನುತ್ತಾರೆ ಅತ್ತೆ, ಉಳಿದದ್ದೆಲ್ಲ ಬರೀ ಬಾಯಿ. ಅವಳು ಬಿಡುವುದಿಲ್ಲ: ಇದ್ದದ್ದೇ ಒಂದು ಹಿಡಿ, ಹಂಚಿಕೊಳ್ಳದೆ ಏನು ಮಾಡುತ್ತಿದ್ದಿರಿ, ಅದು ಒಳ್ಳೆಯತನವಲ್ಲ ಅತ್ತೆ, ಬಡತನ. "ಈಗೇನು ಬೇಕಾದಷ್ಟಿದೆಯಾ? ಹಾಗಿದ್ರೆ ಗುಡ್ಡದ ಮೇಲಿನೋರಿಗೆ ದಿನಾ ಮೊದಲು ಯಾಕೆ ಬಿಡ್ತಾರೆ? ನಿನ್ನೆ ಕೊನೆಯೋರು ನಾವು, ಇವತ್ತೂ ಕೊನೆ, ನಾಳೇನೂ ಕೊನೆ" ಎನ್ನುತ್ತಾರೆ ಅತ್ತೆ. ಆಗ ಅವಳು ದನಿ ಏರಿಸುತ್ತಾಳೆ, ಗಂಡ ಟೀವಿಯ ದನಿ ಏರಿಸುತ್ತಾನೆ. ಆದರೆ ಎಷ್ಟು ಜಗಳವಾಡಿದರೂ, ಬಾವಿ ಇರಲೇ ಇಲ್ಲ ಎಂದು ಇಬ್ಬರಲ್ಲಿ ಯಾರೂ ಯಾವತ್ತೂ ಅಂದಿರಲಿಲ್ಲ. ಇಲ್ಲದ್ದರ ಬಗ್ಗೆ ಯಾರಾದರೂ ಇಷ್ಟು ವರ್ಷ ಜಗಳವಾಡುತ್ತಾರೆಯೇ? ಅವಳು ದ್ವೇಷಿಸಿದ್ದು ಅವಳದು. ಅದನ್ನು ಅಳಿಸುವುದಕ್ಕೆ ಇವರು ಯಾರು, ಎಂದುಕೊಂಡಳು, ಮತ್ತು ಅಳಿಸುವ ಸಾಲನ್ನು ಬಾಯಿಪಾಠ ಮಾಡಿಸಿದವಳು ತಾನೇ ಎಂದು ಮರುಕ್ಷಣವೇ ನೆನಪಾಯಿತು. ಪಂಪು ಸೀಮೆಎಣ್ಣೆಯ ಬಾಟಲಿ ಹಿಡಿದು ಬಂದಿದ್ದ. ಬೇಡ, ಸಾಕು ಬಿಡು, ಎಂದು ಎದ್ದಳು.

ಮಧ್ಯಾಹ್ನ ಕಳೆದ ಮೇಲೆ ಜನ ಬರತೊಡಗಿದರು. ಶಾಮಿಯಾನದ ಕೆಳಗೆ ಬಿಸಿಗಾಳಿ ಸುತ್ತುತ್ತಿತ್ತು, ಬಣ್ಣದ ವಾಸನೆಗೆ ಒಂದಿಬ್ಬರು ಮೂಗು ಮುಚ್ಚಿಕೊಂಡರು. ಹುಲ್ಲಿನ ಮೇಲೆ ನಡೆಯಬಾರದೆಂದು ಹಗ್ಗ ಕಟ್ಟಿಸಿದ್ದಳು. ಆದರೂ ಒಬ್ಬಾತ ದಾಟಿಹೋಗಿ, ಮರಳಿ ಬರುವಾಗ ಅವನ ಬಿಳಿಯ ಷೂಗಳ ತಳ ಹಸಿರಾಗಿತ್ತು. ಅವನು ಯಾರನ್ನು ಬೈಯಬೇಕೆಂದು ತಿಳಿಯದೆ ಸುತ್ತ ನೋಡುತ್ತಿದ್ದ. ಆಯುಕ್ತರು ಬಂದವರೇ ಹಸಿರು ಹತ್ತಿದ ಅವಳ ಕೈ ನೋಡಿ, "ಮೇಡಂ, ಸಚಿವರು ಬಂದಾಗ ನೀವು ಸ್ವಲ್ಪ ಹಿಂದೆ ಇರಿ, ಫೋಟೊ ತೆಗೀತಾರೆ" ಎಂದರು, ಮೆಲ್ಲಗೆ, ಯಾರಿಗೂ ಕೇಳಿಸದಂತೆ, ಅವಳ ಒಳ್ಳೆಯದಕ್ಕೇ ಹೇಳುವಂತೆ. ಅವಳು ಕೈ ಬೆನ್ನಹಿಂದೆ ಕಟ್ಟಿಕೊಂಡಳು. ಈ ಉದ್ಯಾನದ ಒಂದೊಂದು ಸಸಿಯ ಪಾತಿಯನ್ನೂ ಅವಳು ನಿಂತು ತೋಡಿಸಿದ್ದಳು. ಹಿಂದೆ ಇರಿ. ಧ್ವನಿವರ್ಧಕದ ಕಂಬದ ಪಕ್ಕ, ಪಂಪು ಮತ್ತು ಇತರ ಕೆಲಸದವರ ಜೊತೆ ನಿಂತಳು. ಅತ್ತೆಯನ್ನು ಕಾರಿನಲ್ಲಿ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ತಲೆ ನುಣ್ಣಗೆ ಬಾಚಿಕೊಂಡು, ಕಾಲು ನೆಲ ಮುಟ್ಟದೆ, ಪರೀಕ್ಷೆಗೆ ಬಂದ ಹುಡುಗಿಯ ಹಾಗೆ ತುಟಿ ಆಡಿಸುತ್ತಿದ್ದರು. ಸಾಲನ್ನು ಹೇಳಿಕೊಳ್ಳುತ್ತಿದ್ದಾರೆ, ತಪ್ಪಬಾರದೆಂದು. ಅದನ್ನು ನೋಡಲಾಗದೆ ಅವಳು ಬೇರೆ ಕಡೆ ಕಣ್ಣು ಹೊರಳಿಸಿದಳು.

ಸಚಿವರು ಚೆನ್ನಾಗಿ ಮಾತಾಡಿದರು. ಬಂಜರು ಎಂದರು, ಶೂನ್ಯ ಎಂದರು, ಶೂನ್ಯದಿಂದ ನಗರ ಎದ್ದಿತು ಎಂದರು. ಪ್ರತಿ ಸಲ ಶೂನ್ಯ ಎಂದಾಗಲೂ ಕೈಯನ್ನು ಹುಲ್ಲುಹಾಸಿನ ಕಡೆಗೆ ಬೀಸುತ್ತಿದ್ದರು. ಆ ಶೂನ್ಯದಲ್ಲಿ ತಾನು ಮಗಳನ್ನು ಹೆತ್ತಿದ್ದೇನೆ ಎಂದುಕೊಂಡಳು ಅವಳು. ಎಲ್ಲಿ, ಸರಿಯಾಗಿ? ಆ ಕಾರಂಜಿಯ ಹತ್ತಿರ ಇರಬೇಕು, ಇಲ್ಲ, ಇನ್ನೂ ಸ್ವಲ್ಪ ಈಚೆ, ಬಾವಿಯಿಂದ ಮನೆ ಎಡಕ್ಕೆ ಇತ್ತು. ಹೊರಗೆ ಮಾವ ಅತ್ತಿಂದಿತ್ತ ನಡೆಯುತ್ತಿದ್ದರು, ಒಳಗೆ ಅತ್ತೆ ಅವಳ ಕೈ ಹಿಡಿದು, ಕೂಗೇ, ಕೂಗು, ನಾಚಿಕೆ ಯಾಕೆ, ಎನ್ನುತ್ತಿದ್ದರು. ಬಿದ್ದಾಗ ನಕ್ಕದ್ದನ್ನು ಎಷ್ಟು ಜೋಪಾನವಾಗಿಟ್ಟುಕೊಂಡಿದ್ದಾಳೆ, ಇದನ್ನು ಮಾತ್ರ ಹೇಗೆ ಮರೆತಿದ್ದಳು! ಗುಡ್ಡದ ಮೇಲಿನವರ ನೀರು, ಸಚಿವರ ಶೂನ್ಯ, ಪ್ರಭಾರ, ಎಲ್ಲ ಒಂದಕ್ಕೊಂದು ಗಂಟು ಹಾಕಿಕೊಂಡು ಎದೆಯಲ್ಲಿ ಉರಿಯತೊಡಗಿತು. ಓಡಿಹೋಗಿ, ಬೇಡ ಅತ್ತೆ, ಏಳಬೇಡಿ, ಎಂದುಬಿಡಬೇಕೆನ್ನಿಸಿತು. ಕಾಲು ಏಳಲಿಲ್ಲ. ಇನ್ನೊಂದೇ ಸಾಲು, ಆಮೇಲೆ ಎಲ್ಲ ಮುಗಿಯುತ್ತದೆ, ನಾಳೆಯಿಂದ ನೀನು ಹೇಳಿದ್ದೇ ನಡೆಯುತ್ತದೆ, ಎಂದು ಒಳಗೊಂದು ದನಿ ಸಮಾಧಾನ ಹೇಳುತ್ತಿತ್ತು. ಅದು ಆಯುಕ್ತರ ದನಿಯ ಹಾಗೆ ಬಹಳ ಸಭ್ಯವಾಗಿತ್ತು.

ಅತ್ತೆಯನ್ನು ಕರೆದರು. ಮೆಟ್ಟಿಲು ಹತ್ತಿಸಲು ಬಂದವರ ಕೈಯನ್ನು ಕೊಡವಿ ತಾವೇ ಹತ್ತಿದರು. ಮೈಕು ಎತ್ತರವಾಗಿತ್ತು, ಯಾರೋ ಬಂದು ತಗ್ಗಿಸಿದರು.

"ಇಲ್ಲಿ ಏನೂ ಇರಲಿಲ್ಲ. ಬರೀ ಬಯಲು. ಈಗ ಎಲ್ಲಾ ಇದೆ."

ಒಂದಕ್ಷರ ತಪ್ಪಲಿಲ್ಲ. ಚಪ್ಪಾಳೆ ಬಿತ್ತು. ಆಯುಕ್ತರು ಹಿಂದಕ್ಕೊರಗಿ ಕೂತರು. ಅತ್ತೆ ಇಳಿಯಲಿಲ್ಲ. ಚಪ್ಪಾಳೆ ನಿಲ್ಲುವವರೆಗೆ ಕಾದು, ಕಣ್ಣಿಗೆ ಕೈ ಮರೆಮಾಡಿ ಜನರ ನಡುವೆ ಯಾರನ್ನೋ ಹುಡುಕಿದರು. ಕಂಬದ ಪಕ್ಕ ಅವಳು ಕಂಡಾಗ ಮುಖವೆಲ್ಲ ಅರಳಿತು.

"ಸರಿಯಾಗಿ ಹೇಳಿದೆನೇನೇ? ನನ್ನ ಸೊಸೆ ಹೇಳಿಕೊಟ್ಟಿದ್ದು ಸ್ವಾಮಿ. ಅಲ್ಲಿ ಹಿಂದೆ ನಿಂತಿದಾಳೆ ನೋಡಿ, ಅವಳೇ. ಎಷ್ಟು ಸಲ ಹೇಳಿಸಿದಾಳೆ ಅಂತೀರಾ! ಇಷ್ಟು ಹೇಳಿದ್ರೆ ಅವಳ ಕೆಲಸ ಗಟ್ಟಿ ಮಾಡ್ತೀರಂತೆ. ನಾನು ಹೇಳಿದೀನಿ. ಇನ್ನು ನೀವು ಮಾಡಿಕೊಡಬೇಕು."

ಮೊದಲು ನಕ್ಕವರು ಸಚಿವರು. ಆಮೇಲೆ ಎಲ್ಲರೂ ನಕ್ಕರು, ಶಾಮಿಯಾನದ ಈ ತುದಿಯಿಂದ ಆ ತುದಿಯವರೆಗೆ, ತಲೆಗಳೆಲ್ಲ ಹಿಂದಕ್ಕೆ ತಿರುಗಿ ಅವಳನ್ನು ನೋಡಿದವು. ಅವಳ ಮುಖಕ್ಕೆ ಬೆಂಕಿ ಹಚ್ಚಿದಂತಾಯಿತು. ವೇದಿಕೆಯ ಮೇಲೆ ಅತ್ತೆ ನಗುತ್ತಿರಲಿಲ್ಲ. ಇಷ್ಟು ಜನ ಯಾಕೆ ನಗುತ್ತಿದ್ದಾರೆಂದು ತಿಳಿಯದೆ, ತಾನು ಸಾಲಿನಲ್ಲಿ ಏನಾದರೂ ತಪ್ಪಿದೆನೋ ಎಂದು ಗಾಬರಿಯಾಗಿ, ಸೊಸೆಯ ಮುಖವನ್ನೇ ನೋಡುತ್ತಿದ್ದರು. ಆಯುಕ್ತರು ಎದ್ದು ಬಂದು ಮೈಕನ್ನು ತಮ್ಮ ಕಡೆಗೆ ಬಾಗಿಸಿಕೊಂಡರು. "ಅಜ್ಜಿಗೆ ವಯಸ್ಸಾಗಿದೆ, ಪಾಪ. ಈಚೆಗೆ ಮಾತು ಒಂದಕ್ಕೊಂದು ಹೊಂದಲ್ಲ. ಅಲ್ವಾ ಮೇಡಂ?" ಎಂದು ದೂರದಿಂದಲೇ ಅವಳನ್ನು ಕೇಳಿದರು, ಮುಗುಳ್ನಗುತ್ತ. ತಪ್ಪಿಸಿಕೊಳ್ಳಲು ದಾರಿ ಮಾಡಿಕೊಟ್ಟಿದ್ದರು. ಅವಳು ಒಂದು ಸಲ ತಲೆಯಾಡಿಸಿದರೆ ಸಾಕಿತ್ತು, ಬಾಯಿ ಕೂಡ ಬಿಡಬೇಕಾಗಿರಲಿಲ್ಲ.

ಅವಳು ಕಂಬ ಬಿಟ್ಟು ನಡೆದಳು. ಕುರ್ಚಿಗಳ ನಡುವೆ ದಾರಿ ಕಿರಿದಾಗಿತ್ತು, ಯಾರದೋ ಕಾಲು ತುಳಿದಳು, ಕ್ಷಮಿಸಿ ಎನ್ನಲೂ ಇಲ್ಲ. ಮೆಟ್ಟಿಲು ಹತ್ತಿ, ಆಯುಕ್ತರ ಪಕ್ಕಕ್ಕೆ ಬಂದು ಮೈಕಿಗೆ ಬಾಗಿದಳು.

"ಇಲ್ಲ ಸರ್. ಅವರ ತಲೆ ಸರಿಯಾಗೇ ಇದೆ. ಸುಳ್ಳು ಹೇಳಿಕೊಟ್ಟಿದ್ದು ನಾನು." ಮೈಕು ಕಿರ್ರೆಂದಿತು. "ಇಲ್ಲಿ ಬಾವಿ ಇತ್ತು. ಮನೆ ಇತ್ತು. ನಾನಿದ್ದೆ. ಮೂರು ವರ್ಷ ನೀರು ಸೇದಿದೀನಿ. ಆ ಬಾವಿ ಕಂಡ್ರೆ ನನಗೆ ಈಗಲೂ ಆಗಲ್ಲ. ಊರು ಬೆಳೆದಿದ್ದು ಒಳ್ಳೇದೇ ಆಯ್ತು, ಯಾರು ಕೇಳಿದ್ರೂ ಹೇಳ್ತೀನಿ. ಆದ್ರೆ ನನಗೆ ಆಗಲ್ಲ ಅಂತ, ಇರಲೇ ಇಲ್ಲ ಅನ್ನೋದಕ್ಕೆ ಆಗಲ್ಲ. ನಿಮಗೂ ಆಗಲ್ಲ."

ಯಾರೂ ನಗುತ್ತಿರಲಿಲ್ಲ. ಅವಳು ಮೈಕನ್ನು ಆಯುಕ್ತರ ಕಡೆಯಿಂದ ಅತ್ತೆಯ ಕಡೆಗೆ ತಿರುಗಿಸಿದಳು.

"ಏನೇನಿತ್ತು, ನೀವೇ ಹೇಳಿ ಅತ್ತೆ."

ಅತ್ತೆ ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಮೈಕಿಗೆ ಕೇಳಿಸದಂತೆ ಹೇಳಬೇಕೆಂದುಕೊಂಡದ್ದು ಎಲ್ಲರಿಗೂ ಕೇಳಿಸಿತು.

"ಕೆಲಸ?"

"ಹೋದ್ರೆ ಹೋಗಲಿ. ನೀವು ಹೇಳಿ."

"ಹಾಗಾದ್ರೆ ಕೂರೋದಕ್ಕೆ ಏನಾದ್ರೂ ಹಾಕು" ಎಂದರು ಅತ್ತೆ. "ನಿಂತ್ಕೊಂಡು ಹೇಳಿ ಮುಗಿಸೋ ಅಷ್ಟು ಚಿಕ್ಕದಲ್ಲ ಅದು."

ವೇದಿಕೆಯ ಮೇಲೆ ಸಚಿವರ ಪಕ್ಕದ ಕುರ್ಚಿ ಖಾಲಿಯಾಗಿತ್ತು, ಅದರ ಮೇಲೆ ಕೂರಬೇಕಾದ ಆಯುಕ್ತರು ಮೈಕಿನ ಬಳಿ ನಿಂತಿದ್ದರು. ಅವಳು ಹೋಗಿ ಆ ಕುರ್ಚಿಯನ್ನೇ ಎತ್ತಿಕೊಂಡು ಬಂದು ಅತ್ತೆಯ ಹಿಂದೆ ಹಾಕಿದಳು.